ಆರು ಫೋಟೋದ ಬ್ಯಾನರ್

ಯಲಬುರ್ಗಾ
ಮಂಗಳವಾರ, ೧೦ ಫೆಬ್ರವರಿ

ಪ್ರೀತಿಯ ತಮ್ಮಾ ಗೋವಿಂದರಾಜಾ,

ನಿನ್ನ ಅಕ್ಕನ ಆಶೀರ್ವಾದ. ಮೈಯಾಗ ಹ್ಯಾಂಗೈತಿ? ಹೋದ ಸಲ ಕೊಪ್ಪಳದ ಜೈಲಿಗೆ ಬಂದಾಗ ಜಾಳಗಿ ಆ ಕಡಿ ನಿಂತು ಬರೇ ಮೊಣಕೈ ಕೆರಕೋತಿದ್ದಿ. ಅಲ್ಲಿ ನೀರು ನಿನ್ನ ಮೈಗೆ ಹಿಡಿಸಿಲ್ಲ ಅಂತ ಕಾಣತೈತಿ. ಸಣ್ಣಾವ ಇದ್ದಾಗಲೂ ನೀರು ಬದಲಾದ್ರ ಸಾಕು, ನಿನಗ ಮೈತುಂಬ ಗಂದಿ ಏಳತಿದ್ದುವು. ಅವ್ವ ಬೇವಿನ ತಪ್ಪಲ ಕುದಿಸಿ ಎರೀತಿದ್ಲು. ಮುಲಾಮು, ಎರಡು ಬನಿಯನ್, ಒಂದು ಟವೆಲ್ ಕಳಿಸೀನಿ. ರೊಟ್ಟಿ ಬಿಡೂದಿಲ್ಲ ಅಂದ್ರು. ಹೊಟ್ಟಿ ತುಂಬ ಉಣ್ಣು, ಸಿಟ್ಟಿನ ಭರದಾಗ ಊಟಾ ಬಿಡಬ್ಯಾಡ. ಈ ಪತ್ರಾನ ನಿನ್ನಕಿಂತ ಮೊದಲ ಜೈಲಿನ ಸಾಹೇಬ್ರು ಓದತಾರಂತ. ಓದಲಿ. ಮುಚ್ಚಿಟ್ಟು ಮುಚ್ಚಿಟ್ಟ ನಮಗ ಈ ಗತಿ ಬಂದೈತಿ.

ನಾವು ಆರಾಮ ಅದೀವಿ ಅಂತ ಬರೀಬೇಕು, ಬರದೀನಿ. ಮುಂಜಾನಿ ಎಂಟೂವರಿ ಬಸ್ಸಿಗೆ ಮಂಗಳೂರ ಹಳ್ಳಿಗೆ ಹೋಗ್ತೀನಿ, ಅಂಗನವಾಡಿ ಮುಗಿಸಿ ಸಂಜಿಮುಂದ ಬರತೀನಿ. ಮದ್ಲು ಆ ಬಸ್ಸಿನಾಗ ನಾ ಬರೇ ಟೀಚರಮ್ಮ ಆಗಿದ್ದೆ. ಈಗ ಕೆಲವ್ರು "ಗೋವಿಂದರಾಜನ ಅಕ್ಕಾರು, ಬರ್ರಿ, ಕುಂದರ್ರಿ" ಅಂತ ಎದ್ದು ಜಾಗಾ ಕೊಡತಾರ, ಕೆಲವ್ರು ನನ್ನ ನೋಡಿ ಕಿಡಕಿ ಕಡಿ ಮುಖಾ ತಿರುವತಾರ. ಖರೇ ಹೇಳಲೇನು, ಎದ್ದು ಜಾಗಾ ಕೊಡೋರನ್ನ ಕಂಡ್ರ ನನಗ ಹೆಚ್ಚು ಹೇಸಿಕಿ ಬರತೈತಿ. ಊರಾಗ ಚಹಾದಂಗಡಿ ಎರಡಾಗ್ಯಾವ, ಕ್ಷೌರದಂಗಡಿ ಎರಡಾಗ್ಯಾವ. ನಮ್ಮ ಮನಿಯವ್ರು ಮೂವತ್ತು ವರ್ಷ ಚಹಾ ಕುಡದ ಕಟ್ಟಿ ಮ್ಯಾಲ ಈಗ ಕುಂದರಂಗಿಲ್ಲ. ಕೇಳಿದ್ರ, "ಕುಂತ್ರ ಯಾವ ಪಾರ್ಟಿ ಅಂತಾರ, ಕುಂದರದಿದ್ರೂ ಯಾವ ಪಾರ್ಟಿ ಅಂತಾರ, ಮನ್ಯಾಗ ಕುಡೀತೀನಿ ತಗೋ" ಅಂದ್ರು.

ಹೋದ ಸಲ ನಾ ಒಂದ ತಾಸು ಸರತಿಯೊಳಗ ನಿಂತು ನಿನ್ನ ಮುಂದ ಬಂದೆ. ನೀ ನನ್ನ ಕೇಳಿದ್ದು ಒಂದ ಮಾತು: "ಓಬಳೆಪ್ಪಣ್ಣ ಏನಂದ್ರು?" ಅವ್ವನ ಫೋಟೋಕ್ಕ ಹಾರ ಬದಲಿ ಮಾಡಿದಿ ಏನು ಅಂತ ಕೇಳಲಿಲ್ಲ. ಮುರ್ತುಜಾ ಕಾಕಾನ ಕೈ ಹ್ಯಾಂಗದಾವ ಅಂತ ಕೇಳಲಿಲ್ಲ. ಮನಿಗೆ ಬಂದು ಭಾಳ ಹೊತ್ತು ವಿಚಾರ ಮಾಡಿದೆ. ನೀ ಮರತಿ ಅಂತ ಅನಿಸ್ತು. ಅದಕ್ಕ ನಿನಗ ಗೊತ್ತಿದ್ದದ್ದನ್ನ ನಿನಗ ತಿರುಗಿ ಬರೀತೀನಿ. ಸಿಟ್ಟಿಗೆದ್ದು ಅರ್ಧಕ್ಕ ಹರಿಬ್ಯಾಡ, ಪೂರ್ತಿ ಓದು.

ಅವ್ವಗ ಕಾಶಿ ನೋಡೋ ಆಸೆ ಇತ್ತು. ಡಿಸೆಂಬರಿನಾಗ ಟೂರಿನವ್ರು ರೈಲಿನಾಗ ಮಂದಿ ಕರಕೊಂಡ ಹೊಂಟಾಗ, ಅಕಿ ಜೋಡಿ ನೀ ಹೋಗೂದು ಅಂತ ಠರಾವ ಆಗಿತ್ತು. ಅಷ್ಟರಾಗ ನಿನ್ನ ಪೊಲೀಸ್ ಪರೀಕ್ಷೆ ತಾರೀಖು ಬಂತು. ಅವ್ವ "ಹಂಗಾರ ನಾನೂ ಬ್ಯಾಡ ಬಿಡು, ಆ ಕಡಿ ಮಂದಿ ಮಾತು ನನಗ ತಿಳ್ಯಂಗಿಲ್ಲ" ಅಂತ ಕುಂತಳು. ಆಗ ನೀನ ಮುರ್ತುಜಾ ಕಾಕಾನ ಟೇಲರ್ ಅಂಗಡಿಗೆ ಹೋದಿ. ನಿನ್ನ ಹಿಂದ ನಾನೂ ಬಂದಿದ್ದೆ, ಜಂಪರ್ ಹೊಲಿಯಾಕ ಕೊಡಬೇಕಾಗಿತ್ತು. ಕಾಕಾನ ಮಗ ನಜೀಬ ಇಸ್ತ್ರಿ ಮಾಡಕೋತ ನಿಂತಿದ್ದ. ನೀ ಅವನ ಹೆಗಲ ಮ್ಯಾಲ ಕೈ ಹಾಕಿ, "ಲೇ, ನಿನಗ ಹಿಂದಿ ಬರತೈತಿ, ನನ್ನ ಬದಲಿ ನೀ ಹೋಗು, ಅವ್ವಗ ನಿನ್ನ ಮ್ಯಾಲ ನನಗಿಂತ ಹೆಚ್ಚು ಭರೋಸೆ" ಅಂದಿ. ಅಂವ ನಕ್ಕ. "ಕಾಶಿಗೆ ನಾ ಹೋದ್ರ ನಮ್ಮಪ್ಪ ಏನಂತಾನ ಕೇಳು" ಅಂದ. ಕಾಕಾ ಮಷೀನ್ ತುಳಿಯೋದು ನಿಲ್ಲಿಸಲೇ ಇಲ್ಲ. "ಮುದಕಮ್ಮ ಒಬ್ಬಾಕಿ ಆಗತಾಳ, ಹೋಗಿ ಬಾ" ಅಂದ. ಅಷ್ಟ. ಇಷ್ಟು ಸರಳ ಇತ್ತು ಅದು. ನಿನ್ನ ಹೆಸರಿನ ಟಿಕೀಟು ತೆಗೆಸಿ ಅವನ ಹೆಸರಿಗೆ ಮಾಡಿಸಿದಾಂವ ನೀನ.

ಆ ಸ್ಟೇಷನ್ನಿನ ಹೆಸರು ಬರಿಯಾಕ ನನಗ ಇನ್ನೂ ಕೈ ಬರಂಗಿಲ್ಲ. ಅವ್ವ, ನಜೀಬ ಸೇರಿ ನಮ್ಮೂರಿನವ್ರು ಏಳು ಮಂದಿ ಅಲ್ಲೇ ಜೀವಾ ಬಿಟ್ರು. ಆ ರೈಲಿನ ಡಬ್ಬಿಯೊಳಗ ಬದುಕಿ ಉಳದಾಕಿ ನಮ್ಮ ಓಣಿ ಪಕ್ಕೀರವ್ವ. ಅಕಿ ಮರುದಿನಾನ ದವಾಖಾನ್ಯಾಗ ಟಿವಿಯವ್ರ ಮುಂದ ಹೇಳಿದ್ಲು: "ನಜೀಬ ಮುದಕಮ್ಮಗ ಬಿಸಿನೀರು ತರಾಕ ಕೆಳಗ ಇಳದಿದ್ದ, ತಂದು ಒಳಗ ಹತ್ತಿದ, ಹತ್ತಿದ ಕೂಡಲೇ ಬಾಂಬ್ ಹಾರ್ತು." ನಾವೆಲ್ಲಾರೂ ಕೇಳೀವಿ. ನೀನೂ ಕೇಳಿದಿ. ಕೇಳಿ ಗ್ವಾಡಿಗೆ ತಲಿ ಹೊಡಕೊಂಡು "ನನ್ನ ಜಾಗಾದಾಗ ಹೋದ, ಅಕ್ಕಾ, ನನ್ನ ಜಾಗಾದಾಗ ಹೋದ" ಅಂತ ಅತ್ತಿ.

ಏಳು ಪೆಟ್ಟಿಗಿ ಹೈಸ್ಕೂಲ್ ಬಯಲಿಗೆ ಬಂದ ದಿನ ನೆನಪೈತೇನು? ಒಂದ ಬ್ಯಾನರ್, ಏಳು ಫೋಟೋ. ಪೆಟ್ಟಿಗಿ ಬರೂದಕಿಂತ ಮದ್ಲು, ಮಗನ ಹೆಣ ಇನ್ನೂ ದಾರ್ಯಾಗ ಇರೂ ಹೊತ್ತಿನ್ಯಾಗ, ಮುರ್ತುಜಾ ಕಾಕಾ ಅಂಗಡ್ಯಾಗ ಕುಂತು ಊರ ಮಂದಿಗೆಲ್ಲಾ ತೋಳಿಗೆ ಕಟ್ಟೋ ಕರೇ ಪಟ್ಟಿ ಹೊಲದ. "ಕುಂತ್ರ ಹುಚ್ಚ ಹಿಡೀತೈತಿ, ಹೊಲೀತೀನಿ ಬಿಡ್ರಿ" ಅಂದ. ಎರಡೂ ಪಾರ್ಟಿ ಧುರೀಣರು ಒಂದ ಪೆಟ್ಟಿಗಿಗೆ ಹೆಗಲು ಕೊಟ್ರು. ನೀ ಕಬರಸ್ತಾನಕ್ಕ ಹೋಗಿ ನಜೀಬಗ ಮಣ್ಣು ಹಾಕಿದಿ. ಕಾಕಾ ಬಂದು ಅವ್ವಗ ಮಣ್ಣು ಹಾಕಿದ. ಟಿವಿಯೊಳಗ ದಿಲ್ಲಿಯ ದೊಡ್ಡ ದೊಡ್ಡ ಮಂದಿ ಸಾಲಾಗಿ ನಿಂತು ಮೌನ ಆಚರಿಸಿದ್ರು. ದೇಶಾ ಒಂದಾಗೈತಿ ಅಂದ್ರು. ನಾ ನಂಬಿದೆ ತಮ್ಮಾ. ಅವ್ವ ಹೋದ ದುಃಖದಾಗೂ ಒಂದು ನಮೂನಿ ಸಮಾಧಾನ ಆತು ನನಗ.

ಹತ್ತ ದಿನ ಇರಲಿಲ್ಲ ಅದು. ದಿಲ್ಲ್ಯಾಗ ಒಬ್ಬರು ನಿಮ್ಮ ಕಾವಲು ಎಲ್ಲಿತ್ತು ಅಂದ್ರು, ಇನ್ನೊಬ್ಬರು ನೀವು ದೇಶದ್ರೋಹಿಗಳು ಅಂದ್ರು. ಅದು ಟಿವಿಯಿಂದ ಇಳದು ನಮ್ಮ ಓಣಿಗೆ ಬರಾಕ ಮತ್ತ ನಾಕು ದಿನ ಸಾಕಾತು, ಯಾಕಂದ್ರ ಪಟ್ಟಣ ಪಂಚಾಯ್ತಿ ಎಲೆಕ್ಷನ್ ಬಾಗಿಲಿಗೆ ಬಂದಿತ್ತು. ಈ ಕಡಿ ಪಾರ್ಟಿ ಧುರೀಣ ಓಬಳೆಪ್ಪ ನಮ್ಮ ಮನಿಗೆ ಬಂದು ಅವ್ವನ ಫೋಟೋದ ಮುಂದ ಕಣ್ಣೀರು ತಗದ. ನಿನ್ನ ಬೆನ್ನು ಸವರಿ "ನಿಮ್ಮವ್ವ ಊರಿಗೆಲ್ಲಾ ಅವ್ವ" ಅಂದ. ಅವ್ವ ಬದುಕಿದ್ದಾಗ ಮನಿ ಪಟ್ಟಾಕ್ಕ ಅರ್ಜಿ ಹಿಡಕೊಂಡು ಅವನ ಬಾಗಿಲಿಗೆ ಎಷ್ಟ ಸಲ ಹೋಗಿದ್ಲು, ಹೆಸರರ ಕೇಳಿದ್ನೇನು? ಆ ಕಡಿ ಪಾರ್ಟಿಯವ್ರೂ ಕಮ್ಮಿ ಇಲ್ಲ. ಮಸೂತಿ ಮುಂದ ಬ್ಯಾರೇ ಸಭಾ ಮಾಡಿ ನಜೀಬನ ಫೋಟೋ ಆಳೆತ್ತರ ಹಾಕಿ, ಉಳದ ಆರು ಮಂದೀನ ಅಂಚೆ ಚೀಟಿ ಹಂಗ ಕೆಳಗ ಅಂಟಿಸಿದ್ರು. ಆಮ್ಯಾಲ ಬಸ್ ಸ್ಟ್ಯಾಂಡಿನಾಗ ಓಬಳೆಪ್ಪನ ಹೊಸಾ ಬ್ಯಾನರ್ ಎದ್ದಿತು. ಅದರಾಗ ಆರ ಫೋಟೋ. ಪಕ್ಕೀರವ್ವನ ಮಾತು ಎಲ್ಲಾರ ಫೋನಿನಾಗ ತಿರಗಾಡಾಕ ಹತ್ತಿತು, ಅರ್ಧ ಕತ್ತರಿಸಿದ್ದು: "ನಜೀಬ ಕೆಳಗ ಇಳದಿದ್ದ." ಅಷ್ಟ. ಮುಂದ ಇಲ್ಲ. ಪಾಪ ಪಕ್ಕೀರವ್ವ ಮನಿಮನಿಗೆ ಹೋಗಿ ಪೂರ್ತಿ ಹೇಳಿದ್ಲು. ಬಾಂಬಿನ ಸಪ್ಪಳಕ್ಕ ತಲಿ ಕೆಟ್ಟೈತಿ ಅಂದ್ರು.

ಆ ಬ್ಯಾನರ್ ಕಂಡ ಮರುದಿನ ಮುರ್ತುಜಾ ಕಾಕಾ ನನ್ನ ಬಸ್ಸಿನ ಹತ್ರ ಬಂದ. ಸಿಟ್ಟು ಮಾಡಲಿಲ್ಲ. "ಏನವಾ ರೇಣುಕಾ, ಜಾಗಾ ಸಾಲಲಿಲ್ಲೇನು?" ಅಂದ. ನಾ ಬಸ್ಸು ಹತ್ತಿದೆ.

ಈಗ ಅಸಲಿ ಮಾತಿಗೆ ಬರತೀನಿ. ಹಣಮಪ್ಪನ ಗುಡಿಯೊಳಗ ಓಬಳೆಪ್ಪ ಕೂಡಿಸಿದ ಸಭಾ. ಅಂವ ಎದ್ದು ನಿಂತು, "ಯಾತ್ರಾಕ್ಕ ಹೋಗೂ ಮಂದ್ಯಾಗ ಆ ಹುಡುಗಗ ಏನು ಕೆಲಸ ಇತ್ತು? ಅವನ್ನ ಯಾರು ಕಳಿಸಿದ್ರು? ಹೇಳ್ರಿ ಯಾರರ" ಅಂತ ಕೇಳಿದ. ಗಂಡಸರೊಳಗ ಉತ್ತರ ಇದ್ದಾಂವ ನೀ ಒಬ್ಬನ. ಕಂಬದ ಬಾಜೂಕ ಕುಂತು ನೀ ಕಾಲಿನ ಉಗುರು ನೋಡಕೋತ ಇದ್ದಿ. ನಾ ಹೆಂಗಸರ ಸಾಲಿನಾಗ ಕುಂತಿದ್ದೆ. ತಮ್ಮ ಹೇಳತಾನ, ಈಗ ಏಳತಾನ, ಇನ್ನೇನು ಏಳತಾನ ಅಂತ ಕಾದೆ. ನೀ ಏಳಲಿಲ್ಲ. ನಾನೂ ಏಳಲಿಲ್ಲ. ಗಂಡಸರ ಸಭಾದಾಗ ನಾ ಯಾಕ ಅಂದಕೊಂಡೆ. ಆ ಪಾಪದಾಗ ನನ್ನದೂ ಪಾಲೈತಿ, ಇಲ್ಲ ಅನ್ನಂಗಿಲ್ಲ. ನೀ ಯಾಕ ಸುಮ್ಮನಾದಿ ಅಂತ ನಾ ಭಾಳ ದಿನ ಯೋಚನೆ ಮಾಡೀನಿ. ಅಂವ ನಿನ್ನ ಬದಲಿ ಸತ್ತಾನ ಅನ್ನೂದನ್ನ ಹೊರಾಕ ನಿನಗ ಆಗಲಿಲ್ಲ. ಅಂವನೇ ನಮ್ಮ ಅವ್ವನ್ನ ಕೊಂದಾನ ಅಂತ ನಂಬೂದು ಹಗುರಾತು. ಓಬಳೆಪ್ಪ ನಿನಗ ಆ ಹಗುರಾನ ಕೊಟ್ಟ, ನೀ ಎರಡೂ ಕೈಲೆ ಇಸಕೊಂಡಿ.

ಸಂಕ್ರಾಂತಿ ಹಿಂದಿನ ಸೋಮವಾರ ಓಬಳೆಪ್ಪನ ಪಾರ್ಟಿಯವ್ರು ಬಂದ್ ಕರದಿದ್ರು. ಅಂಗನವಾಡಿ ರಜಾ. ಮಧ್ಯಾಹ್ನ ಮೂರರ ಸುಮಾರು ನಾ ಔಷಧಿ ತರಾಕ ಬಜಾರಕ್ಕ ಬಂದಾಕಿ ಗದ್ದಲಾ ಕಂಡು ಅಂಚೆ ಕಚೇರಿ ಮೆಟ್ಟಿಲ ಮ್ಯಾಲ ನಿಂತೆ. ಮೆರವಣಿಗಿ ಕಾಕಾನ ಅಂಗಡಿ ಮುಂದ ನಿಂತಿತು. ಓಬಳೆಪ್ಪ ಜೀಪಿನಾಗಿಂದ ಇಳೀಲಿಲ್ಲ. ಪೆಟ್ರೋಲ್ ಡಬ್ಬಿ ಮಾತ್ರ ಇಳೀತು. ಅವನ ಕೈಯಿಂದ ನಿನ್ನ ಕೈಗೆ ಬಂತು. ಸುರುವಿದಾಂವ ನೀ, ಕಡ್ಡಿ ಗೀರಿದಾಂವ ನೀ. ಗೀರಿ ತಿರುಗಿದಾಗ ನನ್ನ ನೋಡಿದಿ. ನೋಡಿಲ್ಲ ಅನಬ್ಯಾಡ. ಕಾಕಾ ನಮಾಜು ಮುಗಿಸಿ ಓಡಿ ಬಂದಾಂವ ಸೀದಾ ಬೆಂಕ್ಯಾಗ ನುಗ್ಗಿದ. ಗಲ್ಲಾ ಪೆಟ್ಟಿಗಿಗೆ ಕೈ ಹಾಕಲಿಲ್ಲ, ಮಷೀನ್ ಮುಟ್ಟಲಿಲ್ಲ. "ಮಂದಿ ಬಟ್ಟಿ ಅದಾವ, ಮಂದಿ ಬಟ್ಟಿ ಅದಾವ" ಅಂತ ಕಪಾಟಿನಾಗಿಂದ ಎಳೆದೆಳೆದು ಬೀದಿಗೆ ಒಗದ. ಹಬ್ಬಕ್ಕಂತ ನಿಮ್ಮ ಮೆರವಣಿಗ್ಯಾಗ ಇದ್ದವ್ರೇ ಹೊಲಿಯಾಕ ಹಾಕಿದ ಬಟ್ಟಿ ಅವು. ನಾಕು ಮಂದಿ ತಮ್ಮ ತಮ್ಮದು ಗುರುತು ಹಿಡದು ಎತ್ತಿಕೊಂಡೂ ಹೋದ್ರು.

ಅವನ ಎರಡೂ ಕೈ ಸುಟ್ಟಾವ. ಬಲಗೈ ಬೆರಳು ಒಂದಕ್ಕೊಂದು ಅಂಟಿಕೊಂಡಾವ, ಕತ್ತರಿ ಹಿಡಿಯಾಕ ಬರಂಗಿಲ್ಲ. ನಾ ಎರಡ ಸಲ ನೋಡಾಕ ಹೋಗೀನಿ. ಎರಡನೇ ಸಲ ಹೊಸ್ತಿಲ ದಾಟಾಕ ಬಿಡಲಿಲ್ಲ. "ಬರಬ್ಯಾಡವಾ. ನೀ ಬಂದ್ರ ಆ ಕಡಿ ಮಂದಿ ನಿನ್ನ ಕೇಳತಾರ, ಈ ಕಡಿ ಮಂದಿ ನನ್ನ ಕೇಳತಾರ" ಅಂತ ಹೇಳಿ ಬಾಗಿಲಾ ಹಾಕಿಕೊಂಡ. ಆ ಮನ್ಯಾಗ ನಾವಿಬ್ಬರೂ ಎಷ್ಟು ಈದಿಗೆ ಸುರಕುಂಬಾ ಕುಡದೀವಿ. ಈ ವಾರದಾಗ ಅಂವ ಮಗಳ ಊರು ಗಂಗಾವತಿಗೆ ಹೊಂಟಾನಂತ, ಇನ್ನ ತಿರುಗಿ ಬರಂಗಿಲ್ಲ. ಗೆದ್ದ್ರಿ ಅಂತ ಇಟ್ಟಕೋ.

ಒಳಗ ಹೋದವ್ರು ನೀವು ಒಂಬತ್ತು ಹುಡುಗರು. ಓಬಳೆಪ್ಪನ ಹೆಸರು ಕೇಸಿನಾಗ ಇಲ್ಲ. ಅಂವ ಹೋದ ಶುಕ್ರವಾರ ಮನಿಗೆ ಬಂದಿದ್ದ, ವಕೀಲನ್ನ ಕರಕೊಂಡು. ಅಂಗಡಿ ಸುಟ್ಟ ದಿನ ಮಧ್ಯಾಹ್ನ ನೀ ನನ್ನ ಜೋಡಿ ಮಂಗಳೂರ ಅಂಗನವಾಡ್ಯಾಗ ಇದ್ದಿ ಅಂತ ನಾ ಹೇಳಬೇಕಂತ. ಬಂದ್ ದಿನ ಬಸ್ಸ ಇರಲಿಲ್ಲಲ್ಲರಿ ಅಂದೆ. "ಅದನ್ನೆಲ್ಲಾ ನಾವು ನೋಡಕೋತೀವಿ, ನೀವು ಅಕ್ಕ ಆಗಿ ಇಷ್ಟು ಮಾಡ್ರಿ" ಅಂದ. ಅಂವ ಹೋಗಿ ಎರಡು ದಿನಕ್ಕ ಆ ಕಡಿ ಪಾರ್ಟಿಯಾವ ಬಂದ: ಓಬಳೆಪ್ಪನ ಹೆಸರಷ್ಟ ಹೇಳ್ರಿ, ತಮ್ಮನ ಹೆಸರು ಬಿಟ್ಟ ಬಿಡ್ರಿ, ನಿಮ್ಮ ತಮ್ಮನ್ನ ನಾವು ಬಿಡಿಸಿಕೊಂಡು ಬರತೀವಿ. ಇಬ್ಬರಿಗೂ ಚಹಾ ಮಾಡಿ ಕೊಟ್ಟೆ. ಇಬ್ಬರೂ ಕುಡದು ಅವ್ವನ ಫೋಟೋಕ್ಕ ಕೈ ಮುಗದು ಹೋದ್ರು. ಅಕಿ ಸತ್ತದ್ದು ಇವರಿಬ್ಬರಿಗೂ ಎಷ್ಟು ಉಪಯೋಗ ಆತು ನೋಡು.

ಭಾಳ ಬರದೆ, ಕೈ ಸೋತೈತಿ. ಮುಲಾಮು ಮಕ್ಕೊಳ್ಳೂ ಮುಂದ ಹಚ್ಚಿಕೋ, ಕೆರೀಬ್ಯಾಡ. ಜೋಡಿ ಇರೂ ಹುಡುಗರಿಗೆ ಅವರ ಮನಿಯವ್ರು ಆರಾಮ ಅದಾರ ಅಂತ ಹೇಳು. ನಮ್ಮ ಮನಿಯವ್ರು ನಿನ್ನ ನೆನಸ್ಯಾರ. ಹೇಮಗುಡ್ಡದ ದುರ್ಗಮ್ಮ ನಿನ್ನ ಮೈ ಕಾಯಲಿ, ಮನಸ್ಸಿಗೂ ಒಂದಿಷ್ಟು ಬೆಳಕು ಕೊಡಲಿ.

ನಿನ್ನ ಅಕ್ಕ,
ರೇಣುಕಾದೇವಿ

ತಾ.ಕ.: ನಮ್ಮ ಮನಿಯವ್ರು ಕೊಪ್ಪಳದ ಬಸ್ಸಿಗೆ ಹೊಂಟು ನಿಂತಾರ, ಗಡಿಬಿಡಿಲೆ ಬರೀತೀನಿ. ಬರೂ ಸೋಮವಾರ ಹನ್ನೊಂದಕ್ಕ ಕೊಪ್ಪಳದಾಗ ಜಡ್ಜ್ ಸಾಹೇಬ್ರ ಮುಂದ ನನ್ನ ಹೇಳಿಕಿ ಐತಿ. ನನ್ನ ಯಾರೂ ಕರದಿರಲಿಲ್ಲ, ನಾನ ಪೊಲೀಸ್ ಸ್ಟೇಷನ್ನಿಗೆ ಹೋಗಿ ನಾ ನೋಡೀನಿ ಅಂತ ಬರದು ಕೊಟ್ಟೀನಿ. ಡಬ್ಬಿ ಯಾರು ಕೊಟ್ರು ಅನ್ನೂದನ್ನ ಹೇಳತೀನಿ, ಯಾರು ಸುರುವಿದ್ರು ಅನ್ನೂದನ್ನೂ ಹೇಳತೀನಿ; ಅವನ ಹೆಸರು ಹೇಳಿ ನಿನ್ನದು ನುಂಗಾಕ ನನ್ನ ಕಡಿಂದ ಆಗಂಗಿಲ್ಲ. ನಜೀಬನ್ನ ಆ ರೈಲಿಗೆ ಯಾರು ಹತ್ತಿಸಿದ್ರು ಅನ್ನೂದನ್ನೂ ಬರಸ್ತೀನಿ. ನಿನ್ನ ಪೊಲೀಸ್ ನೌಕರಿ ಆಸೆ ಹೋತು, ವರ್ಷಗಟ್ಟಲೆ ಒಳಗ ಇರಬೇಕಾಗಬಹುದು ಅಂತ ವಕೀಲರು ಹೇಳ್ಯಾರ. ನನಗ ಗೊತ್ತೈತಿ. ನಿನ್ನ ಎತ್ತಿ ಆಡಿಸಿದ ಕೈಲೆ ಸಹಿ ಮಾಡತೀನಿ. ಸೋಮವಾರಕ್ಕ ಇನ್ನೂ ಆರು ದಿನ ಐತಿ, ತಮ್ಮಾ. ಜೈಲಿನ ಸಾಹೇಬ್ರನ್ನ ಕೇಳಿಕೊಂಡ್ರ ನಿನ್ನ ಮಾತೂ ಬರಕೋತಾರಂತ. ನೀನ ಮೊದಲ ಹೇಳು.