ಮಕ್ಕಳ ಫೋನು ಬಾರದ ದಿನ

ಜುಲೈ ೮, ಮಂಗಳವಾರ

ಇವತ್ತಿಗೆ ಆ ಪೀಡೆ ತೊಲಗಿತು. ಒಳಗೆ ಫೋನು ತರಲು ಬಿಡದಿದ್ದ ಎದುರಿನ ಕಾಲೇಜಿನವರು ಈಗ ಫೋನಿಡಲು ಕ್ಲಾಸಿಗೊಂದು ಕಪಾಟು ತಂದಿದ್ದಾರಂತೆ. ಇನ್ನು ಮಕ್ಕಳು ಬೆಳಿಗ್ಗೆ ನನ್ನ ಅಂಗಡಿಗೆ ನುಗ್ಗಿ, ಬಿಸ್ಕತ್ತಿನ ಡಬ್ಬದಲ್ಲಿ ಫೋನು ಬಿಟ್ಟು ಓಡುವುದಿಲ್ಲ. "ಇದೆಂತ, ನಿಮ್ಮ ಅಪ್ಪನ ಗೋಡೌನಾ?" ಎಂದು ದಿನಾ ಬೈಯುತ್ತಿದ್ದೆ. "ಕಾಕಾ, ನಿಮ್ಮ ಬೈಗುಳ ತಿನ್ನದಿದ್ರೆ ಅಟೆಂಡೆನ್ಸ್ ಸಿಗುದಿಲ್ಲ" ಎಂದು ನಗುತ್ತಿದ್ದವು, ಕತ್ತೆಗಳು.

ದಿನಾ ಮಧ್ಯಾಹ್ನ ಸಾಜಿದಾ ಎಂಬ ಹುಡುಗಿಯ ಫೋನು ಡಬ್ಬದೊಳಗೆ ಬಡಿದುಕೊಳ್ಳುತ್ತಿತ್ತು. ಸೌದಿಯ ದಮ್ಮಾಮಿನಿಂದ ಅವಳ ತಾಯಿ ರೈಹಾನಾ. ಮೊದಲ ಸಲ, "ಮಗಳು ಕ್ಲಾಸಲ್ಲಿದ್ದಾಳೆ, ಸಂಜೆ ಮಾಡು" ಎಂದು ಗದರಿದ್ದೆ. ಆಮೇಲೆ ಗೊತ್ತಿದ್ದೂ ಅದೇ ಹೊತ್ತಿಗೆ ಮಾಡುತ್ತಿದ್ದಳು. "ಕಾಕಾ, ಊಟ ಆಯ್ತಾ? ಎಂತ ಸಾರು ಇವತ್ತು?" ಗಿರಾಕಿ ಇದ್ದಾರೆ, ಇಡು ಎನ್ನುತ್ತಿದ್ದೆ. ಅಂಗಡಿಯಲ್ಲಿ ನೊಣವೂ ಇರುತ್ತಿರಲಿಲ್ಲ. ಬೀಫಾತಿಮ್ಮ ತೀರಿಕೊಂಡ ಮೇಲೆ ಈ ಗಂಡನ ಊಟದ ಸುದ್ದಿ ಕೇಳಿದವರು ಬೇರೆ ಯಾರೂ ಇಲ್ಲ.

ಇವತ್ತು ಖಾಲಿ ಡಬ್ಬದ ಎದುರು ಕುಳಿತು ಉಂಡೆ. ಬುದ್ಧಿ ಇಲ್ಲದವನು, ಅವಳ ನಂಬರು ಸಹ ತೆಗೆದುಕೊಂಡಿಲ್ಲ. ಸಾಜಿದಾಳನ್ನು ಕೇಳಬಹುದು. "ಎಂತಕ್ಕೆ ಕಾಕಾ?" ಎಂದರೆ ಈ ಬೈಯುವ ಬಾಯಲ್ಲಿ ಏನು ಹೇಳಲಿ, ನಿನ್ನ ತಾಯಿ ನನ್ನನ್ನು ಊಟ ಆಯ್ತಾ ಎಂದು ಕೇಳುತ್ತಿದ್ದಳು ಅಂತಲಾ?