ಸುರಂಗ ಇದ್ದಿದ್ದರೆ

ಗೋಂಧ್ಲಾ, ಲಾಹೌಲ್
12 ನವೆಂಬರ್ 2021

ಪ್ರೀತಿಯ ತಂಗಿ ಛಿಮೆಟ್‌ಗೆ ಅಣ್ಣ ಪಲ್ಜೋರನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಕುಲ್ಲುವಿನಲ್ಲಿ ನೀನು, ನಿನ್ನ ಯಜಮಾನರು, ಮಕ್ಕಳು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು. ಆಲೂಗಡ್ಡೆ ಕೀಳುವ ಕೆಲಸವಿತ್ತು ಅನ್ನಬಹುದು, ಆದರೆ ಆಲೂಗಡ್ಡೆ ಲಾರಿ ಹತ್ತಿ ಮೂರು ವಾರವಾಯಿತು. ಫೋನಿನಲ್ಲಿ ಆಡುವ ಮಾತಲ್ಲ, ಬರೆಯಲು ಕೈಯೂ ಬರಲಿಲ್ಲ.

ರೋಹ್ತಾಂಗ್ ಬೆಟ್ಟದಡಿ ಸುರಂಗ ಬಂದಮೇಲೆ ಊರಿನ ರೀತಿಯೇ ಬದಲಾಗಿದೆ. ಮೊದಲೆಲ್ಲ ಹಿಮ ಬಿದ್ದು ಘಾಟಿ ಮುಚ್ಚಿತೆಂದರೆ ಆರು ತಿಂಗಳು ಯಾರೂ ಯಾರನ್ನೂ ಕೇಳುವಂತಿರಲಿಲ್ಲ. ಮದುವೆಗೆ ಬರಲಿಲ್ಲ, ಸಾವಿಗೆ ಬರಲಿಲ್ಲ ಎಂದು ಮುನಿಸಿಕೊಳ್ಳುವ ಹಾಗಿಲ್ಲ. "ಘಾಟಿ ಮುಚ್ಚಿತ್ತು" ಅಂದರೆ ಮುಗಿಯಿತು. ಕಳೆದ ಜನವರಿಯಲ್ಲಿ ಮನಾಲಿಯಲ್ಲಿ ನಿನ್ನ ಅತ್ತಿಗೆ ದೆಚೆನ್ ಕಡೆಯ ಯಾರದೋ ನಾಮಕರಣ. ನನಗೆ ಒಲೆ ಬಿಟ್ಟು ಏಳಲು ಮನಸ್ಸಿಲ್ಲ. "ಮೈಗೆ ಹುಷಾರಿಲ್ಲ ಅಂತ ಹೇಳ್ಬಿಡು ದೆಚೆನ್" ಅಂದೆ. ಬಿಡುತ್ತಾಳೆಯೇ? "ಕಾಲು ಗಂಟೇಲಿ ಆ ಕಡೆ ಇರ್ತೀವಿ, ಏಳ್ರೀ ಮೇಲೆ! ನಿಮ್ಮ ಸೋಮಾರಿತನ ಕಾಯೋಕೆ ಈಗ ಘಾಟಿ ಇಲ್ಲ!" ಅಂದಳು.

ಪಕ್ಕದ ಮನೆಯ ನೋರ್ಫೆಲ್ ಅಜ್ಜ ಮೊನ್ನೆ ಮೊದಲ ಸಲ ಸುರಂಗ ದಾಟಿ ಬಂದರು. "ಅಟಲ್‌ಜಿ ಹೆಸರು ದೊಡ್ಡದಾಗಿ ಬರೆದವ್ರೆ ಕಣೋ. ಪಾಪ, ಒಂದ್ಸಲ ಒಳಗೆ ಹೋಗಿ ಬರೋಕೆ ಆ ಮನುಷ್ಯ ಉಳೀಲಿಲ್ಲ" ಎಂದು ಪೇಚಾಡಿದರು.

ಈ ಲೋಸಾರ್ ಹಬ್ಬಕ್ಕೆ ಬರುತ್ತೇನೆಂದು ಬರೆದಿದ್ದೀಯ. ಹದಿನೆಂಟು ವರ್ಷದ ಮೇಲೆ! ಅಮ್ಮನ ಕೊನೆಗಾಲಕ್ಕೆ ಬರಲಾಗದ ಮನೆಗೆ ಆಮೇಲೆ ಯಾವ ಮುಖ ಹೊತ್ತು ಬರಲಿ ಅನ್ನಿಸಿತ್ತು ಎಂದೂ, ಆಗ ಸುರಂಗ ಇದ್ದಿದ್ದರೆ ಓಡಿ ಬರುತ್ತಿದ್ದೆ ಎಂದೂ, ಅದಕ್ಕೇ ಅಟಲ್‌ಜಿಯ ಪಟಕ್ಕೆ ಬಿಳಿ ಖತಕ್ ವಸ್ತ್ರ ಹಾಕಿ ದಿನವೂ ಬೆಣ್ಣೆದೀಪ ಹಚ್ಚುತ್ತೇನೆ ಎಂದೂ ಬರೆದಿದ್ದೀಯ. ದೆಚೆನ್ ಓದಿ ಕಣ್ಣೊರೆಸಿಕೊಂಡಳು. "ನೋಡಿದ್ರಾ, ಅವಳಿಗೆ ಯಾರ ಮೇಲೂ ಸಿಟ್ಟಿಲ್ಲ" ಅಂದಳು. ನಾನು ಎದ್ದು ಹಸುವಿಗೆ ಹುಲ್ಲು ಹಾಕಲು ಹೋದೆ.

ಬರುವುದಾದರೆ ಮಕ್ಕಳಿಗೆ ದಪ್ಪ ಕಾಲುಚೀಲ ಹಾಕಿಸು. ಬುದ್ಧ ಭಗವಾನ್ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಣ್ಣ,
ಪಲ್ಜೋರ್

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗದೆ ಇಲ್ಲಿ ಬರೆಯುತ್ತಿದ್ದೇನೆ: ಅಮ್ಮ ಹಾಸಿಗೆ ಹಿಡಿದ ಆ ನಾಲ್ಕು ದಿನವೂ ಘಾಟಿ ತೆರೆದೇ ಇತ್ತು. ಮುಚ್ಚಿದ್ದು ಅವಳ ದಹನವಾದ ಮಾರನೆಯ ದಿನ. ನಾನು ನಿನ್ನ ಮದುವೆಯ ಮಾತು ಕೊಟ್ಟು ಒಪ್ಪಿಗೆಯ ಛಂಗ್ ಹೆಂಡ ಕುಡಿದು ಬಂದಿದ್ದ ಮನೆಯನ್ನು ಬಿಟ್ಟು ನೀನು ಕುಲ್ಲುವಿನವನ ಕೈ ಹಿಡಿದೆಯಲ್ಲ, ಊರೆಲ್ಲ ನಕ್ಕಿತ್ತು, ನನ್ನ ಸಿಟ್ಟು ಇನ್ನೂ ಆರಿರಲಿಲ್ಲ. ಫೋನಿದ್ದ ಕೇಲಾಂಗ್‌ಗೆ ಹೋಗಿ ಒಂದು ಫೋನು ಮಾಡಲಿಲ್ಲ. ಘಾಟಿ ಮುಚ್ಚಿದ ಮೇಲೆಯೇ ನಿನಗೆ ಸುದ್ದಿ ಮುಟ್ಟಿಸಿದೆ.

"ಛಿಮೆಟ್‌ಗೆ ಹೇಳಿ ಕಳಿಸಿದ್ಯೇನೋ?" ಎಂದು ಅಮ್ಮ ಕೇಳಿದಳು. "ಘಾಟಿ ಮುಚ್ಚಿದೆ ಅಮ್ಮಾ" ಅಂದೆ. ಕಿಟಕಿಯ ಕೆಳಗೇ ಮನಾಲಿಯ ಲಾರಿಗಳು ಹೋಗುತ್ತಿದ್ದವು. "ಹಂಗಾದ್ರೆ ಬರೋದು ಬೇಡ ಅನ್ನು. ಮಗು ಹಿಮದಲ್ಲಿ ಸಿಕ್ಕಿಹಾಕ್ಕೊಂಡೀತು" ಅಂದಳು. ಅವಳ ಕೊನೆಯ ಮಾತು ಅದೇ.

ನಿನ್ನನ್ನು ತಡೆದವನು ನಾನು. ಇದನ್ನು ಓದಿಯೂ ಬರುವ ಮನಸ್ಸಾದರೆ ಬಾ. ಬರದಿದ್ದರೆ, ಯಾಕೆ ಬರಲಿಲ್ಲ ಎಂದು ದೆಚೆನ್ ಕೇಳುತ್ತಾಳೆ. ಅವಳಿಗೆ ನಾನೇ ಹೇಳುತ್ತೇನೆ.