ಮಿಸೆಸ್ ಫೆನ್‌ಳ ಗಂಡ ಯಾಕೆ ಸಾಯಬೇಕಾಯಿತು

ಲ್ಯಾಂಬೆತ್, ಲಂಡನ್
೧೪ ಮಾರ್ಚ್ ೧೮೬೫, ಮಂಗಳವಾರ

ಪ್ರಿಯ ಜೇಬೆಜ್ ಅವರೇ,

ಈ ‘ಪ್ರಿಯ’ ನೋಡಿ ಮೀಸೆ ತಿರುವಬೇಡಿ. ಕಾಗದ ಶುರುಮಾಡಲು ಬೇರೆ ಮಾತು ನನಗೆ ಬಾರದು. ಮಾಂಸದಂಗಡಿಯವನಿಗೆ ಬರೆಯುವಾಗಲೂ ನಾನು ಹೀಗೆಯೇ ಬರೆಯುತ್ತೇನೆ. ನೀವು ಮತ್ತೊಮ್ಮೆ ಪ್ರಕಾಶಕ ವಾಡ್ಲೋ ಅವರ ಅಂಗಡಿ ಮೆಟ್ಟಿಲು ಹತ್ತುವ ಮೊದಲು ಇದು ನಿಮ್ಮ ಕೈಸೇರಲಿ ಎಂದು ಬೆಳಗಿನ ಟಪಾಲಿಗೇ ಹಾಕುತ್ತಿದ್ದೇನೆ. ಪೂರ್ತಿ ಓದಿ. ನನ್ನ ಪುಸ್ತಕ ಓದಿದ ಹಾಗೆ ನಿಮ್ಮ ವಿಷಯ ಬಂದ ಪುಟಗಳನ್ನಷ್ಟೇ ಓದಿ ಬಿಟ್ಟರೆ ನಷ್ಟ ನಿಮಗೇ.

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತೇನೆ. ಮೊನ್ನೆ ಭಾನುವಾರ ಮನೆಗೆ ಬಂದವರು ಟೋಪಿ ತೆಗೆಯುವ ಮೊದಲೇ ಕೇಳಿದಿರಿ, ನನ್ನ ಪುಸ್ತಕದ ಮಿಸೆಸ್ ಫೆನ್‌ಳ ಗಂಡನನ್ನು ಮೊದಲ ಸಾಲಿನಲ್ಲೇ ಯಾಕೆ ಕೊಂದೆ ಎಂದು. ಹೆಂಗಸೊಬ್ಬಳು ಪತ್ತೇದಾರಿಕೆ ಮಾಡುವ ಕಥೆಯೇ ಒಂದು ಸುಳ್ಳು, ಅದರಲ್ಲಿ ಗಂಡನನ್ನು ಕೊಲ್ಲುವುದು ಇನ್ನೊಂದು ಅಧಿಕಪ್ರಸಂಗ ಎಂದೂ ಹೇಳಿದಿರಿ. "ಪೊಲೀಸ್ನೋರಲ್ಲಿ ಒಬ್ಬಳಾದ್ರೂ ಹೆಂಗಸಿದಾಳೇನೇ? ಎಲ್ಲಿಂದ ಹಿಡ್ಕೊಂಡು ಬಂದೆ ಇವಳನ್ನ?" ಎಂದಿರಿ. ನೀವು ಹೇಳಿದ್ದು ಸರಿಯೇ. ಇಡೀ ಲಂಡನ್ನಿನ ಪೊಲೀಸರಲ್ಲಿ ಅಂಥ ಹೆಂಗಸು ಒಬ್ಬಳೂ ಇಲ್ಲ. ಇದ್ದಿದ್ದರೆ ನಾನು ಅವಳನ್ನು ಕಲ್ಪಿಸಿಕೊಳ್ಳಬೇಕಾದ ಕಷ್ಟವೇ ಇರುತ್ತಿರಲಿಲ್ಲ, ಹೋಗಿ ಕೆಲಸ ಕೇಳುತ್ತಿದ್ದೆ.

ಗಂಡ ಸಾಯಬೇಕಾದದ್ದು ಬೇರೆ ಕಾರಣಕ್ಕೆ. ಮದುವೆಯಾಗದ ಹುಡುಗಿಯನ್ನು ಪತ್ತೇದಾರಿಣಿಯನ್ನಾಗಿ ಮಾಡಿದರೆ ಅವಳು ಹೋದಲ್ಲೆಲ್ಲ ಅಪ್ಪನೋ ಅಣ್ಣನೋ ಹಿಂದೆ ಬರಬೇಕು. ಕಳ್ಳನ ಮನೆಯ ಬೀರುವಿನ ಹಿಂದೆ ಇಬ್ಬರು ಅಡಗಿ ಕೂರಲು ಜಾಗ ಸಾಲದು. ಮದುವೆಯಾದವಳನ್ನು ಮಾಡಿದರೆ ಇನ್ನೂ ಕಷ್ಟ. ಡಚೆಸ್‌ಳ ಕದ್ದುಹೋದ ಹಾರವನ್ನು ಅವಳು ಕೊಳಚೆಯಲ್ಲಿ ಇಳಿದು ಹುಡುಕಿ ತರುತ್ತಾಳೆ ಅಂತಿಟ್ಟುಕೊಳ್ಳಿ. ಬಹುಮಾನ ಯಾರದ್ದು? ಹೆಂಡತಿಯ ಸಂಪಾದನೆ ಗಂಡನದ್ದು ಎನ್ನುತ್ತದೆ ನಮ್ಮ ಕಾನೂನು. ಪ್ರತಿ ಅಧ್ಯಾಯದ ಕೊನೆಗೂ ಫೆನ್ ಎಂಬ ಗಂಡಸು ಕೈ ಒರೆಸಿಕೊಳ್ಳುತ್ತ ಬಂದು ಬಹುಮಾನ ಎತ್ತಿಕೊಂಡು ಹೋಗುತ್ತಿದ್ದರೆ ಆ ಕಥೆಯನ್ನು ಯಾರು ಓದುತ್ತಾರೆ? ಹಾಗಾಗಿ ಅವನು ಸಾಯಲೇಬೇಕಿತ್ತು. ಎದೆಗೆ ಶೀತ ಹತ್ತಿ ನಿದ್ದೆಯಲ್ಲೇ ಹೋದ ಎಂದು ಬರೆದಿದ್ದೇನೆ, ಹೆಚ್ಚು ನೋಯಿಸಿಲ್ಲ.

ಅವನು ಮೊಟ್ಟೆ ಒಡೆಯುವ ಮೊದಲು ಪ್ರತಿಸಲವೂ ಮೂಸಿ ನೋಡುತ್ತಿದ್ದ ಎಂಬುದು ಮಾತ್ರ ನಿಮ್ಮಿಂದಲೇ ತೆಗೆದುಕೊಂಡದ್ದು. ಅದನ್ನು ಒಪ್ಪಿಕೊಳ್ಳುತ್ತೇನೆ. ಪುಸ್ತಕದ ಮೇಲೆ ನನ್ನ ಹೆಸರಿಲ್ಲ, ಹಳದಿ ರಟ್ಟಿನ ಮೇಲೆ ಲಾಂದ್ರ ಹಿಡಿದ ಹೆಂಗಸಿನ ಚಿತ್ರ ಮಾತ್ರ ಇದೆ. ರೈಲ್ವೆ ನಿಲ್ದಾಣದಲ್ಲಿ ಮಾರುವ ಅಂಥ ನೂರು ಪುಸ್ತಕಗಳ ಮಧ್ಯೆ ಡರ್ಬಿಯಿಂದ ಬರುವ ಅಂಗಿ ಗುಂಡಿಗಳ ವ್ಯಾಪಾರಿಯೊಬ್ಬ ಇದನ್ನೇ ಕೊಂಡು, ಮೊಟ್ಟೆಯವರೆಗೆ ಓದಿ, ತನ್ನನ್ನು ತಾನು ಗುರುತಿಸಿಕೊಳ್ಳುತ್ತಾನೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕಥೆಯಲ್ಲಿ ಹೀಗೆ ಬರೆದಿದ್ದರೆ ವಾಡ್ಲೋ ಅವರು ನಂಬುವ ಹಾಗಿಲ್ಲ ಎಂದು ಕಾಟು ಹೊಡೆಯುತ್ತಿದ್ದರು.

ಗುರುತಿಸಿದವರು ನನ್ನ ಹತ್ತಿರ ಬರಬಹುದಿತ್ತು. ನನ್ನನ್ನು ಬಿಟ್ಟುಹೋಗಿ ಏಳು ವರ್ಷ ಬದುಕಿದ್ದೀಯಾ ಸತ್ತಿದ್ದೀಯಾ ಎಂದು ಕೇಳದವರು, ಮದುವೆಯ ಪತ್ರ ಜೇಬಿನಲ್ಲಿಟ್ಟುಕೊಂಡು ನೇರ ಪ್ರಕಾಶಕರ ಹತ್ತಿರ ಹೋದಿರಿ. ಹೆಂಡತಿ ಬರೆದದ್ದೆಲ್ಲ ಗಂಡನ ಸ್ವತ್ತು, ಇನ್ನು ಮುಂದೆ ಹಣವನ್ನು ನನಗೇ ಕೊಡಿ ಎಂದಿರಿ. ವಾಡ್ಲೋ ಪುಕ್ಕಲು ಮನುಷ್ಯ, ನೆರಳು ಕಂಡರೂ ವಕೀಲನೆಂದು ಹೆದರುತ್ತಾರೆ. ಮರುದಿನವೇ ನನ್ನನ್ನು ಕರೆಸಿ, ಅಚ್ಚಿಗೆ ಸಿದ್ಧವಾಗಿದ್ದ ನನ್ನ ಎರಡನೆಯ ಪುಸ್ತಕವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಒಂದೋ ಗಂಡನ ಒಪ್ಪಿಗೆ ತರಬೇಕು, ಇಲ್ಲವೇ ಮ್ಯಾಜಿಸ್ಟ್ರೇಟರ ಆದೇಶ ತರಬೇಕು, ಎರಡೂ ಇಲ್ಲದಿದ್ದರೆ ಮಿಸೆಸ್ ಫೆನ್ ಡ್ರಾಯರಿನಲ್ಲೇ ಇರಲಿ ಎಂದರು. ನನಗೆ ಇರುವ ಅನ್ನದ ದಾರಿ ಅದೊಂದೇ. ಕಣ್ಣು ಮಂಜಾಗುವವರೆಗೆ ಅಂಗಿ ಹೊಲಿದು ಬಾಡಿಗೆ ಕೊಟ್ಟ ದಿನಗಳನ್ನು ನಾನು ನೋಡಿದ್ದೇನೆ, ಮತ್ತೆ ಅಲ್ಲಿಗೆ ಹೋಗುವ ಆಸೆ ನನಗಿಲ್ಲ.

ಆದೇಶದ ವಿಷಯ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಕೆಲ ವರ್ಷಗಳ ಹಿಂದೆ ಬಂದ ಕಾಯಿದೆ ಅದು. ತಕ್ಕ ಕಾರಣವಿಲ್ಲದೆ ಗಂಡ ಬಿಟ್ಟುಹೋದರೆ, ಆಮೇಲೆ ಹೆಂಡತಿ ಸ್ವಂತ ದುಡಿಮೆಯಿಂದ ಗಳಿಸಿದ್ದು ಅವಳಿಗೇ ಸೇರಬೇಕೆಂದು ಮ್ಯಾಜಿಸ್ಟ್ರೇಟರು ಬರೆದುಕೊಡಬಹುದು. ಆ ‘ತಕ್ಕ ಕಾರಣವಿಲ್ಲದೆ’ ಎನ್ನುವಲ್ಲಿಯೇ ನಾನು ಸಿಕ್ಕಿಕೊಂಡೆ. ನೀವು ಹೋದ ಬೆಳಿಗ್ಗೆ ಎಂದಿನಂತೆ ಗುಂಡಿಗಳ ಮಾದರಿ ಪೆಟ್ಟಿಗೆ ಹಿಡಿದು ಹೋದಿರಿ. ನೋಡಿದವರು ವ್ಯಾಪಾರಕ್ಕೆ ಹೊರಟಿದ್ದಾರೆ ಎಂದುಕೊಂಡರು. ಆಮೇಲೆ ರೆಡಿಂಗ್‌ನಲ್ಲಿರುವ ನಿಮ್ಮ ತಂಗಿ, ಬಾಯಿಬಡಕಿ ಹೆಂಡತಿಯ ಕಾಟ ತಾಳಲಾರದೆ ಅಣ್ಣ ಓಡಿಹೋದ ಎಂದು ಸಿಕ್ಕಸಿಕ್ಕವರಿಗೆ ಹೇಳಿದಳು. ಅದು ಸುಳ್ಳು ಎಂದು ಪ್ರಮಾಣ ಮಾಡಿ ಹೇಳಲು ನನಗೇ ಧೈರ್ಯವಿರಲಿಲ್ಲ. ನನ್ನ ಬಾಯಿ ಸ್ವಲ್ಪ ಜೋರೇ. ಹಿಂದಿನ ದಿನ ಏನಂದೆ, ಅದರ ಹಿಂದಿನ ವಾರ ಏನಂದೆ ಎಂದು ಏಳು ವರ್ಷ ನನ್ನನ್ನು ನಾನೇ ವಿಚಾರಣೆ ಮಾಡಿಕೊಂಡಿದ್ದೇನೆ. ಮಿಸೆಸ್ ಫೆನ್ ಆಗಿದ್ದರೆ ಒಂದೇ ಅಧ್ಯಾಯದಲ್ಲಿ ಅಪರಾಧಿಯನ್ನು ಹಿಡಿಯುತ್ತಿದ್ದಳು. ನನಗೆ ನಾನು ಅಪರಾಧಿಯೋ ಅಲ್ಲವೋ ಎಂಬುದೇ ತಿಳಿಯಲಿಲ್ಲ.

ಅದಕ್ಕೇ ನಿಮ್ಮನ್ನು ಭಾನುವಾರ ಚಹಾಕ್ಕೆ ಕರೆದದ್ದು. ರಾಜಿಗೆ ಕರೆದಿದ್ದಾಳೆ ಎಂದುಕೊಂಡಿರಿ. ಹಾಗೆ ಅಂದುಕೊಳ್ಳಲಿ ಎಂದೇ ಬರೆದಿದ್ದೆ. ನನ್ನ ಮನೆಯೊಡತಿ ಮಿಸೆಸ್ ಸ್ಪರ್ಲಿಂಗ್ ನಾನು ಕಂದು ಬಣ್ಣದ ಗೌನು ಹಾಕಿಕೊಂಡದ್ದು ನೋಡಿ, "ಅಯ್ಯೋ ತಾಯಿ, ಇದೇನು ಗಂಡ ಬರ್ತಾನೆ ಅಂತ ಉಟ್ಕೊಂಡಿದ್ದಾ, ಬಾಡಿಗೆ ಕೇಳೋರು ಬರ್ತಾರೆ ಅಂತ ಉಟ್ಕೊಂಡಿದ್ದಾ?" ಎಂದು ತಮಾಷೆ ಮಾಡಿದರು. ಮೂಲೆಯಲ್ಲಿ ಕೂತು ಕಾಲುಚೀಲ ಹೊಲಿಯುತ್ತಿರಿ, ಎದ್ದು ಮಾತ್ರ ಹೋಗಬೇಡಿ ಎಂದು ಅವರಿಗೆ ಹೇಳಿಟ್ಟಿದ್ದೆ. ನೀವು ಹೊಸ ವೇಸ್ಟ್‌ಕೋಟು ಹಾಕಿಕೊಂಡು ಬಂದಿರಿ. ಸ್ವಲ್ಪ ದಪ್ಪಗಾಗಿದ್ದೀರಿ, ನಿಮಗೆ ಒಪ್ಪುತ್ತದೆ. ಬೆಣ್ಣೆ ಹಚ್ಚಿದ ಮಫಿನ್ ತಿಂದಿರಿ. ನಾನು ಬೇಯಿಸಿದ ಮೊಟ್ಟೆ ಮುಂದಿಟ್ಟಾಗ ಎತ್ತಿ ಮೂಸಿದಿರಿ. ಮಿಸೆಸ್ ಸ್ಪರ್ಲಿಂಗ್ ನನ್ನ ಪುಸ್ತಕವನ್ನು ಎರಡು ಸಲ ಓದಿದವರು. ಅವರು ಕಾಲುಚೀಲದಲ್ಲಿ ಮುಖ ಹುದುಗಿಸಿಕೊಂಡರು, ನೀವು ಅವರಿಗೆ ನೆಗಡಿ ಎಂದುಕೊಂಡಿರಿ.

ಪುಸ್ತಕವನ್ನು ಮೂರನೆಯ ಅಧ್ಯಾಯದವರೆಗಾದರೂ ಓದಿದ್ದರೆ ನೀವು ಎಚ್ಚರವಾಗಿರುತ್ತಿದ್ದಿರಿ. ಮಿಸೆಸ್ ಫೆನ್ ಯಾರಿಗೂ ಪ್ರಶ್ನೆ ಹಾಕುವುದಿಲ್ಲ. ಪ್ರಶ್ನೆ ಕೇಳಿದರೆ ಗಂಡಸರು ಬಾಯಿ ಮುಚ್ಚಿಕೊಳ್ಳುತ್ತಾರೆ. ಅವಳು ಅವರ ವಿಷಯವನ್ನೇ ತಪ್ಪಾಗಿ ಹೇಳಿ ಸುಮ್ಮನೆ ಕಾಯುತ್ತಾಳೆ. ತನ್ನ ಬಗ್ಗೆ ಹೆಂಗಸು ಹೇಳಿದ ತಪ್ಪನ್ನು ತಿದ್ದದೆ ಇರಬಲ್ಲ ಗಂಡಸನ್ನು ಅವಳು ಇನ್ನೂ ಕಂಡಿಲ್ಲ.

ನಾನು ಚಹಾ ಬಗ್ಗಿಸುತ್ತ, "ಏನೋ ಬಿಡಿ, ಆದದ್ದು ಆಯ್ತು. ನಾನೇ ತಾನೆ ನಿಮ್ಮನ್ನ ಓಡಿಸಿದ್ದು. ನಿಮ್ಮ ತಂಗೀನೂ ಎಲ್ಲರ ಹತ್ರ ಹಾಗೇ ಹೇಳ್ಕೊಂಡು ಬಂದಿದಾಳೆ" ಎಂದೆ.

ನೀವು ಕಪ್ಪು ಕೆಳಗಿಟ್ಟಿರಿ. "ಯಾರನ್ನ ಯಾರು ಓಡಿಸಿದ್ದು? ಹೆಂಗಸೊಬ್ಬಳು ಓಡಿಸಿದ್ಲು ಅಂತ ಓಡಿಹೋಗೋನಾ ನಾನು?"

ನನ್ನ ಬಾಯಿ ಜೋರಿತ್ತಲ್ಲ, ಅದಕ್ಕೇ ಇರಬೇಕು ಎಂದೆ. ನಿನ್ನ ಬಾಯಿಯನ್ನು ನಾನು ಕಿವಿಗೇ ಹಾಕಿಕೊಂಡವನಲ್ಲ ಎಂದಿರಿ. ಊಟ ಸರಿಹೋಗಲಿಲ್ಲವೇನೋ ಎಂದೆ. ನಿನ್ನ ಕೈಯ ಮಟನ್ ಪೈಯಂಥದ್ದು ಆಮೇಲೆ ಎಲ್ಲೂ ತಿಂದಿಲ್ಲ ಎಂದಿರಿ. ಹಾಗಾದರೆ ವ್ಯಾಪಾರ ಕೈಕೊಟ್ಟು, ಸಾಲಗಾರರಿಗೆ ಹೆದರಿ ಹೋಗಿರಬೇಕು ಎಂದೆ. ಅದಂತೂ ನಿಮಗೆ ಮುಳ್ಳು ಚುಚ್ಚಿದ ಹಾಗಾಯಿತು. ಆಗ ನೀವು ಹೇಳಿದ ಮಾತನ್ನು ನಿನ್ನೆ ಕೋರ್ಟಿನಲ್ಲಿ ನಾವೇ ಹೇಳಿದ್ದರಿಂದ ಅಕ್ಷರ ತಪ್ಪದೆ ಬರೆಯಬಲ್ಲೆ. "ವ್ಯಾಪಾರ ಚೆನ್ನಾಗೇ ಇತ್ತು. ನೀನೂ ಚೆನ್ನಾಗೇ ಇದ್ದೆ. ನಂಗೆ ಬೇಜಾರಾಯ್ತು, ಹೊರಟೆ, ಅಷ್ಟೇ. ವಾಪಸ್ ಬರೋ ಯೋಚನೆ ಅವತ್ತೂ ಇರ್ಲಿಲ್ಲ."

ಮೂಲೆಯಿಂದ ಮಿಸೆಸ್ ಸ್ಪರ್ಲಿಂಗ್, ಸೂಜಿಗೆ ದಾರ ಪೋಣಿಸುತ್ತಲೇ, ಹಾಗಾದರೆ ಇವಳದ್ದೇನೂ ತಪ್ಪಿರಲಿಲ್ಲವೋ ಎಂದು ಕೇಳಿದರು. ನೀವು ಬಾಯಿ ಒರೆಸಿಕೊಂಡು, ಏನೇನೂ ಇರಲಿಲ್ಲ ತಾಯಿ, ಅಂಥ ಹೆಂಡತಿ ಸಿಗುವುದು ಕಷ್ಟ ಎಂದು ದೊಡ್ಡ ಮನಸ್ಸಿನಿಂದ ಹೇಳಿದಿರಿ.

ನಾನು ಬಿಸಿನೀರು ತರುತ್ತೇನೆ ಎಂದು ಅಡುಗೆಮನೆಗೆ ಹೋದೆನಲ್ಲ, ಕೆಟಲಿನಲ್ಲಿ ಆಗಲೇ ಬಿಸಿನೀರು ತುಂಬಿತ್ತು. ಅಲ್ಲಿ ನಿಂತು ಅತ್ತೆ. ಬೇಕಾದ ಸಾಕ್ಷ್ಯ ಸಿಕ್ಕಿತ್ತು, ನನ್ನ ತಪ್ಪಿಲ್ಲ ಎಂದು ನಿಮ್ಮ ಬಾಯಿಂದಲೇ ಬಂದಿತ್ತು, ಕುಣಿಯಬೇಕಿತ್ತು. ಆದರೆ ತಪ್ಪು ಮಾಡಿದ್ದೆ ಎಂದಿದ್ದರೆ ಏಳು ವರ್ಷದ ಸಂಕಟಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು. ಬೇಜಾರಾಯಿತಂತೆ. ಮಳೆ ಬಂದು ಬೇಜಾರಾದವರು ಕಿಟಕಿ ಮುಚ್ಚುತ್ತಾರಲ್ಲ, ಅಷ್ಟು ಸುಲಭವಾಗಿ ಹೇಳಿದಿರಿ. ಅದರಿಂದ ನನಗೆ ತುಂಬ ನೋವಾಯಿತು, ನಿಮಗೆ ಗೊತ್ತಿರಲಿ.

ನಿನ್ನೆ ನಾನೂ ಮನೆಯೊಡತಿಯೂ ಕೋರ್ಟಿಗೆ ಹೋದೆವು. ಮಿಸೆಸ್ ಸ್ಪರ್ಲಿಂಗ್ ಹಬ್ಬದ ಬಾನೆಟ್ಟು ಟೋಪಿ ಹಾಕಿಕೊಂಡು, ನಿಮ್ಮ ಧ್ವನಿ ಅನುಕರಿಸಿ, ಬಾಯಿ ಒರೆಸಿಕೊಂಡದ್ದನ್ನೂ ಸೇರಿಸಿ ಎಲ್ಲ ಹೇಳಿದರು. ಮ್ಯಾಜಿಸ್ಟ್ರೇಟರು ಅಭಿನಯ ಬೇಡ, ಮಾತು ಸಾಕು ಎಂದರು. ನನ್ನಿಂದಲೂ ಪ್ರಮಾಣ ಮಾಡಿಸಿ ಕೇಳಿದರು. ಆದೇಶ ಕೊಟ್ಟರು. ನೀವು ಹೊರಟ ದಿನದಿಂದ ನಾನು ದುಡಿದದ್ದೆಲ್ಲ ನನ್ನದು, ಮಿಸೆಸ್ ಫೆನ್‌ಳೂ ಸೇರಿ. ವಾಡ್ಲೋ ಅವರು ಅದನ್ನು ಮೂರು ಸಲ ಓದಿ, ಬೆಳಕಿಗೆ ಹಿಡಿದು ನೋಡಿ, ಡ್ರಾಯರಿನ ಬೀಗ ತೆಗೆದರು. ಇನ್ನು ನೀವು ಅಲ್ಲಿಗೆ ಹೋದರೆ ಪುಸ್ತಕ ಕೊಳ್ಳಲು ಮಾತ್ರ ಹೋಗಬೇಕು.

ಆದೇಶ ರದ್ದು ಮಾಡಿಸಲು ಅರ್ಜಿ ಹಾಕುವ ಹಕ್ಕು ನಿಮಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೆ ನೀವು ತುಂಬಿದ ಕೋರ್ಟಿನಲ್ಲಿ ನಿಂತು, ಹೆಂಡತಿಯ ಕಾಟ ತಾಳಲಾರದೆ ಓಡಿಹೋದೆ ಎಂದು ಹೇಳಬೇಕಾಗುತ್ತದೆ. ನಿಮ್ಮ ಬಾಯಿಂದ ಅದು ಬರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಆರೋಗ್ಯ ನೋಡಿಕೊಳ್ಳಿ. ಬೆಣ್ಣೆ ಕಡಿಮೆ ಮಾಡಿ.

ಕಾನೂನಿನ ಲೆಕ್ಕದಲ್ಲಿ ಇನ್ನೂ ನಿಮ್ಮ ಹೆಂಡತಿ,
ಡಾರ್ಕಸ್ ಹಾರ್ಕಪ್

ಮರೆತ ಮಾತು: ಗಂಡ ತಾನಾಗಿ ತಿರುಗಿ ಬಂದಿದ್ದರೆ ಮನೆಗೆ ಸೇರಿಸಿಕೊಳ್ಳುತ್ತಿದ್ದೆಯಾ ಎಂದು ಮ್ಯಾಜಿಸ್ಟ್ರೇಟರು ನನ್ನನ್ನು ಕೇಳಿದರು. ಪ್ರಮಾಣ ಮಾಡಿದ್ದೆನಾದ್ದರಿಂದ ಸುಳ್ಳು ಹೇಳುವ ಹಾಗಿರಲಿಲ್ಲ. ಆ ಭಾನುವಾರ ಮಧ್ಯಾಹ್ನ ಅವರು ಬಾಗಿಲು ತಟ್ಟುವವರೆಗೂ ಸೇರಿಸಿಕೊಳ್ಳುತ್ತಿದ್ದೆ ಸ್ವಾಮಿ, ಈಗ ಇಲ್ಲ ಎಂದೆ. ಗುಮಾಸ್ತ ‘ಇಲ್ಲ’ ಎಂದಷ್ಟೇ ಬರೆದುಕೊಂಡ.